ಬಿಲ್ಲೆ ಮಾವನ ಕುಲ್ಚಾ

ಹುಣಸೆಹಣ್ಣು ತಿಕ್ಕಿ ತಿಕ್ಕಿ ಎದುರುಮನೆಯ ಬಿಲ್ಲೆ ಮಾವನ ಬಲಗೈ ಹೆಬ್ಬೆರಳು ಯಾವಾಗಲೂ ಬೆಳ್ಳಗೆ ಸುಲಿದಿರುತ್ತಿತ್ತು. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಎದೆಗೆ ಅಡ್ಡ ಹಾಕುವ ಕೆಂಪು ಪಟ್ಟಿಯಿಂದ ಹಿತ್ತಾಳೆ ಬಿಲ್ಲೆ ಬಿಚ್ಚಿಕೊಂಡು ತಿಕ್ಕುವರು. ಅಂಗೈಯಗಲದ ಬಿಲ್ಲೆ. ಅದನ್ನು ಬಿಸಿಲಿಗೆ ಹಿಡಿದರೆ ಎದುರಿಗಿದ್ದ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಬೆಳಕಿನ ಚುಕ್ಕೆ ಕುಣಿಯುತ್ತಿತ್ತು. "ನಿಮ್ಮ ಮಾವ ಕಚೇರಿಗೆ ಹೊಂಟಾನ, ಇನ್ನ ಒಲಿ ಹಚ್ಚು" ಎನ್ನುವರು ಅತ್ತೆ.

ಅವರು ಲಿಂಗಸೂಗೂರಿನ ತಹಸೀಲ್ ಕಚೇರಿಯ ಜವಾನ, ಮುಸಲ್ಮಾನರು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದರು. ನಮ್ಮತ್ತೆಯನ್ನು ಬಾಯಿ ತುಂಬ "ಅಕ್ಕಾ" ಎನ್ನುತ್ತಿದ್ದರಿಂದ ಹೊಸ ಸೊಸೆಯಾದ ನನಗೆ ಅವರು ಮಾವನೇ ಆದರು. ನನ್ನ ಗಂಡ ಸಿಂಧನೂರಿನಲ್ಲಿ ಸಾಲಿ ಮಾಸ್ತರ. ಮನೆಯಲ್ಲಿ ಇದ್ದವರು ನಾವಿಬ್ಬರೇ ಹೆಂಗಸರು.

ಬಿಲ್ಲೆಯ ಮೇಲೆ ನಿಜಾಮ ಸರಕಾರದ ಮುದ್ರೆ: ನಡುವೆ ಒಂದು ದುಂಡು, ಅದರ ಮೇಲೊಂದು ರುಮಾಲು, ಸುತ್ತ ಉರ್ದು ಅಕ್ಷರ. ದುಂಡನ್ನು ನಾನು ಚಂದ್ರ ಅಂದುಕೊಂಡಿದ್ದೆ. ಹಾಗೆಂದಾಗ ಮಾವ ಬಿದ್ದು ಬಿದ್ದು ನಕ್ಕರು.

"ಚಂದ್ರ ಅಲ್ಲ ಬೇ ತಂಗೀ, ರೊಟ್ಟಿ! ಕುಲ್ಚಾ!"

ನಿಜಾಮರ ಮೂಲಪುರುಷ ಹಸಿದು ಒಬ್ಬ ಫಕೀರನ ಹತ್ತಿರ ಹೋದನಂತೆ. ಫಕೀರ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ಕುಲ್ಚಾ ಕೊಟ್ಟ. ಏಳು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿತು. ಏಳು ತಲೆ ಆಳುತ್ತೀರಿ ಎಂದು ಫಕೀರ ಹರಸಿದ. ಅದಕ್ಕೇ ಬಾವುಟ ಹಳದಿ, ಮುದ್ರೆಯಲ್ಲಿ ಕುಲ್ಚಾ.

"ಮಂದಿ ಮುದ್ರಿಯೊಳಗ ಕತ್ತಿ ಇಡ್ತಾರ, ಹುಲಿ ಇಡ್ತಾರ. ನಮ್ಮ ಸರಕಾರ ರೊಟ್ಟಿ ಇಟ್ಟೈತಿ ನೋಡು."

"ಈಗಿನವ ಎಷ್ಟನೇ ತಲಿಯೋ ತಮ್ಮಾ?" ಎಂದರು ಅತ್ತೆ. ಮಾವ ಬೆರಳು ಮಡಿಚುತ್ತ ಎಣಿಸಿದರು. ಬೆರಳು ಏಳಕ್ಕೆ ನಿಂತಿತು.

ಅದು ನಲವತ್ತೆಂಟನೇ ಇಸವಿ. ನಿಜಾಮರ ಪರವಾಗಿ ಊರು ಸುಲಿಯುತ್ತಿದ್ದ ರಜಾಕಾರರ ಭಯಕ್ಕೆ ನಾವು ಹಗಲೇ ಕದ ಹಾಕಿಕೊಳ್ಳುತ್ತಿದ್ದೆವು. ಒಂದು ಮಧ್ಯಾಹ್ನ ಅವರು ನಮ್ಮ ಬಾಗಿಲಿಗೇ ಬಂದರು. ಅತ್ತೆ ನನ್ನನ್ನು ಜೋಳದ ಚೀಲಗಳ ಹಿಂದೆ ತಳ್ಳಿದರು. ಅಷ್ಟರಲ್ಲಿ ಮಾವ ಓಡಿಬಂದು ಹೊಸ್ತಿಲಿಗೆ ಅಡ್ಡ ನಿಂತು, ಎದೆಯ ಬಿಲ್ಲೆ ಮುಂದೆ ಮಾಡಿ ಉರ್ದುವಿನಲ್ಲಿ ಗುಡುಗಿದರು. ಮುದ್ರೆ ನಿಂತ ಬಾಗಿಲು ದಾಟಿದರೆ ಸರಕಾರದ ಎದೆ ತುಳಿದ ಹಾಗೆ ಎಂದರಂತೆ. ಬಂದವರು ಗೊಣಗುತ್ತ ಹೋದರು. ನಾನು ಹೊರಗೆ ಬಂದು ನೋಡಿದರೆ ಮಾವ ಇನ್ನೂ ಬಿಲ್ಲೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡೇ ನಿಂತಿದ್ದಾರೆ.

"ಒದರಿದ್ದು ಬಿಲ್ಲಿ, ತಂಗೀ. ನಾ ಅಲ್ಲ" ಎಂದರು.

ಮಳೆಗಾಲ ಮುಗಿಯುವುದರೊಳಗೆ ದಿಲ್ಲಿಯ ಫೌಜು ಬಂತು. ನಿಜಾಮರ ಆಳ್ವಿಕೆ ಹೋಯಿತು. ಅಬ್ಬಾ, ಬದುಕಿದೆವು ಎಂದು ನಾವು ಉಸಿರುಬಿಟ್ಟೆವು. ಆದರೆ ಅಂಜಿಕೆ ಊರು ಬಿಡಲಿಲ್ಲ, ನಮ್ಮ ಮನೆಯಿಂದ ಎದುರು ಮನೆಗೆ ಹೋಯಿತು, ಅಷ್ಟೇ. ಕೊಡಲಿ ಹಿಡಿದ ಗುಂಪುಗಳು ನಿಜಾಮರ ಚಾಕರಿಯ ಮುಸಲ್ಮಾನರನ್ನು ಹುಡುಕಿ ಹುಡುಕಿ ಕಡಿಯುತ್ತಿವೆ ಎಂಬ ಸುದ್ದಿ ಬಂತು.

ನಾನು ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಮಾವ ಬಂದರು, ಮುಷ್ಟಿಯಲ್ಲಿ ಬಿಲ್ಲೆ. "ಅಕ್ಕಾ, ಇದನ್ನೆಲ್ಲಿ ಒಗೀಲಿ? ಒಗಿಯಾಕ ಕೈ ಬರವಲ್ದು." ಮುಂಬಾಗಿಲಿನಲ್ಲಿ ಗದ್ದಲ ಕೇಳಿತು. ಅತ್ತೆ ಅವರನ್ನು ಅದೇ ಜೋಳದ ಚೀಲಗಳ ಹಿಂದೆ ನೂಕಿದರು. ಹೋಗುತ್ತ ಅವರು ನನ್ನ ಕೈಗೆ ತುರುಕಿದ ಬಿಲ್ಲೆ ನನ್ನಲ್ಲೇ ಉಳಿಯಿತು. ಅದು ಸಿಕ್ಕರೆ ಮಾವ ಸಿಕ್ಕಂತೆಯೇ. ನಾನು ಅದನ್ನು ಹಲಗೆಯ ಮೇಲಿಟ್ಟು, ಹಿಟ್ಟು ಉದುರಿಸಿ, ಅದರ ಮೇಲೇ ಹಿಟ್ಟಿನ ಮುದ್ದೆಯಿಟ್ಟು ಬಡಿಯತೊಡಗಿದೆ.

ಗುಂಪು ಅಡುಗೆಮನೆಯ ತನಕ ಬಂತು. "ಬಿಲ್ಲೆ ಜವಾನ ಈ ಕಡಿ ಬಂದಾನೇನು?"

"ಇಲ್ಲಿಗ್ಯಾಕ ಬರ್ತಾನಪ್ಪಾ? ಹೆಂಗಸರಷ್ಟ ಅದೀವಿ" ಎಂದರು ಅತ್ತೆ.

ಬಡಿತದ ಸಪ್ಪಳವೇ ಬೇರೆಯಾಗಿತ್ತು. ಕೆಳಗೆ ಹಿತ್ತಾಳೆ ಇದ್ದರೆ ಹಲಗೆ ಎಂದಿನ ಹಾಗೆ ಸದ್ದು ಮಾಡುವುದಿಲ್ಲ. ಯಾವ ಹೆಂಗಸಾದರೂ ಹಿಡಿದುಬಿಡುತ್ತಿದ್ದಳು. ಪುಣ್ಯಕ್ಕೆ ಬಂದವರೆಲ್ಲ ಗಂಡಸರು. ಅವರಲ್ಲೊಬ್ಬ ಕೊಡಲಿ ಗೋಡೆಗಾನಿಸಿ ಕೂತೇಬಿಟ್ಟ. "ಹಸದೀನಿ ತಂಗೀ, ಬಿಸಿ ರೊಟ್ಟಿ ಹಾಕು. ಹಂಚು ಬರೇ ಸುಡಾಕತ್ತೈತಿ, ಎಷ್ಟೊತ್ತು ಬಡೀತಿ?"

ಎತ್ತದೆ ಗತಿಯಿರಲಿಲ್ಲ. ಒಂದು ಕೈಯಲ್ಲಿ ರೊಟ್ಟಿ ಎತ್ತಿದೆ, ಇನ್ನೊಂದರಿಂದ ಬಿಲ್ಲೆಯ ಮೇಲೆ ಹಿಟ್ಟು ಎಳೆದೆ. ಹಲಗೆಗೆ ತಾಗಿದ ಬದಿ ಮೇಲಾಗುವಂತೆ ರೊಟ್ಟಿಯನ್ನು ಹಂಚಿಗೆ ಹಾಕುವುದು ನಮ್ಮ ರೂಢಿ. ಹಾಕಿದೆ. ನೋಡುತ್ತೇನೆ: ರುಮಾಲು, ಕುಲ್ಚಾ, ಉಲ್ಟಾ ಅಕ್ಷರಗಳು, ಎಲ್ಲ ರೊಟ್ಟಿಯ ಬೆನ್ನ ಮೇಲೆ ಅಚ್ಚೊತ್ತಿವೆ! ಅರಿವೆಯನ್ನು ನೀರಿಗೆ ಅದ್ದಿ ಒರೆಸಿದೆ, ಮತ್ತೆ ಒರೆಸಿದೆ. ಏಳು ತಲೆ ಆಳಿದ ಮುದ್ರೆ ಹಸಿ ಹಿಟ್ಟಿನಲ್ಲಿ ಕಲಸಿಹೋಯಿತು. ಆತ ಶೇಂಗಾ ಹಿಂಡಿ ಹಚ್ಚಿಕೊಂಡು ಆ ರೊಟ್ಟಿಯನ್ನೇ ತಿಂದು, ನೀರು ಕುಡಿದು, ಕೊಡಲಿ ಎತ್ತಿಕೊಂಡು ಗುಂಪಿನೊಂದಿಗೆ ಹೋದ.

"ಎಂಟನೇ ಕುಲ್ಚಾ ಅವನ ಹೊಟ್ಟಿಗೆ ಹೋತು" ಎಂದು ಅತ್ತೆ ಕದಕ್ಕೆ ಚಿಲಕ ಹಾಕಿದರು. ಮಾವ ಆ ಬಿಲ್ಲೆಯನ್ನು ಮತ್ತೆ ಮುಟ್ಟಲಿಲ್ಲ. ಅತ್ತೆ ಅದನ್ನು ಬಾವಿಗೆ ಹಾಕಿದರು.

ಗಲಾಟೆ ತಣ್ಣಗಾದ ಮೇಲೆ ಮಾವನ ನೌಕರಿ ಉಳಿಯಿತು, ಹೊಸ ಬಿಲ್ಲೆ ಬಂತು. ಅದರಲ್ಲಿ ಸಿಂಹಗಳು. "ಬಾಯಿ ತಗದು ನಿಂತಾವ. ಯಾರನ್ನ ತಿನ್ನಾಕೋ ಏನೋ!" ಎಂದು ಮಾವ ಹೆದರಿದರು. ಅವು ಅಶೋಕನ ಸಿಂಹ, ಅವನ ಹೆಸರು ಮಸ್ಕಿಯ ಗುಡ್ಡದ ಕಲ್ಲಿನಲ್ಲೇ ಇದೆ, ಯುದ್ಧ ಮಾಡಿ ಪಶ್ಚಾತ್ತಾಪಪಟ್ಟ ರಾಜ ಎಂದು ನನ್ನ ಗಂಡ ತಿಳಿಸಿ ಹೇಳಿದರು. ಮಾವ ಮಸ್ಕಿಗೇ ಹೋಗಿ ಕಲ್ಲು ಮುಟ್ಟಿ ಬಂದರು. "ಕಡದು ಕಡದು ಆಮ್ಯಾಲೆ ಅತ್ತಾನಂತ. ಅಳೋ ರಾಜಾನ ಸಿಂಹ ಆದ್ರ ಚಿಂತಿಲ್ಲ" ಎಂದರು. ಆದರೂ ಆ ಬಿಲ್ಲೆಗೆ ಹುಣಸೆಹಣ್ಣು ಮುಟ್ಟಿಸಲಿಲ್ಲ. "ಹೊಳದ್ರ ಕಣ್ಣಿಗೆ ಬೀಳ್ತೀವಿ ತಂಗೀ." ನಮ್ಮ ಗೋಡೆಯ ಮೇಲೆ ಬೆಳಕಿನ ಚುಕ್ಕೆ ಮತ್ತೆಂದೂ ಕುಣಿಯಲಿಲ್ಲ. ನಮ್ಮ ಮನೆಯಲ್ಲಿ ಉಣ್ಣಲು ಕೂತರೆ ರೊಟ್ಟಿಯನ್ನು ಮಗುಚಿ, ಬೆನ್ನು ನೋಡಿಯೇ ಮುರಿಯುವರು.

ನಮ್ಮ ಸೀಮೆ ಮೈಸೂರಿಗೆ ಸೇರಿದ ವರ್ಷ ಅವರು ಹಾಸಿಗೆ ಹಿಡಿದರು. ಇನ್ನು ಎರಡು ತಲೆಯ ಹಕ್ಕಿಯ ಮುದ್ರೆಯಂತೆ ಎಂದೆ.

"ಅದೇನ ತಿಂತೈತಿ?"

"ಹಕ್ಕಿ ಅಲ್ಲೇನ್ರಿ ಮಾವಾ, ಕಾಳು ತಿಂತೈತಿ."

ನಕ್ಕರು. ಹಾಲಿನಲ್ಲಿ ನೆನೆಸಲು ತಂದಿದ್ದ ರೊಟ್ಟಿಯನ್ನು ಮಗುಚಿ ನೋಡಿದರು.

"ಏನೂ ಇಲ್ರಿ ಮಾವಾ."

"ಇಲ್ಲಲ್ಲಾ? ಹಂಗಾರ ಉಣ್ತೀನಿ."

ಒಂದೇ ತುತ್ತು ಉಂಡರು. ಮರುದಿನ ಹೋದರು.

ಇಂದಿಗೂ ಹಂಚಿಗೆ ರೊಟ್ಟಿ ಹಾಕಿದ ಕೂಡಲೇ ನನ್ನ ಕಣ್ಣು ಅದರ ಬೆನ್ನಿಗೆ ಹೋಗುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಆದರೂ ಯಾರಾದರೂ ಒಳಗೆ ಬರುವ ಮೊದಲೇ ಗಡಬಡಿಸಿ ನೀರು ಒರೆಸಿಬಿಡುತ್ತೇನೆ.