ಆಯ್ತು ಅಂದರೆ ಆಯ್ತೇ?

ಅವನ ಗಂಟಲು ಹುಟ್ಟಿನಿಂದ ಬಂದದ್ದಲ್ಲ, ಲಾಂಡ್ರಿ ಕೊಟ್ಟದ್ದು. ಆಸ್ಪತ್ರೆ, ಹೋಟೆಲುಗಳ ಹೊದಿಕೆ, ಹಾಸು, ದಿಂಬಿನ ಚೀಲಗಳನ್ನೆಲ್ಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಒಗೆಯುವ ಯಂತ್ರಗಳು ಒಂದು ಕಡೆ ಗುಡುಗುಡು ಅಂದರೆ ಒಣಗಿಸುವ ಯಂತ್ರಗಳು ಇನ್ನೊಂದು ಕಡೆ ಹೋ ಅನ್ನುತ್ತವೆ. ಅಲ್ಲಿ ಪಕ್ಕದವನ ಹತ್ತಿರ ಕುಡಿಯುವ ನೀರು ಕೇಳಬೇಕಾದರೂ ಹೊಟ್ಟೆಯಿಂದ ಕೂಗಬೇಕು. ಮೀಸೆ ಚಿಗುರುವ ವಯಸ್ಸಿನಲ್ಲಿ ಒದ್ದೆ ಬಟ್ಟೆ ಹೊರಲು ಸೇರಿದವನು, ಕೂಗುತ್ತ ಕೂಗುತ್ತಲೇ ಮೇಲೆ ಬಂದು ಸೂಪರ್‌ವೈಸರ್ ಆಗಿದ್ದ. ಕೆಲಸಗಾರರು ಅವನಿಗೆ 'ಮೈಕು' ಅಂತ ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದರು, ಪಾಪ. ಗೊತ್ತಿಲ್ಲದೆ ಏನು! ಒಳಗೊಳಗೇ ಅವನಿಗೆ ಅದೊಂದು ಬಿರುದು.

ಮನೆಯಲ್ಲಿ ಮಾತ್ರ ಆ ಬಿರುದಿಗೆ ಬೆಲೆ ಇರಲಿಲ್ಲ. ಹಿಂದಿನ ಬೀದಿಯಲ್ಲಿದ್ದ ತಂಗಿಗೆ ಅವನು ಫೋನ್ ಮಾಡಿದರೆ ಹೆಂಡತಿ ಅಡುಗೆಮನೆಯಿಂದಲೇ, "ಫೋನ್ ಯಾಕ್ರೀ ದಂಡ, ಕಿಟಕಿ ತೆಗೆದ್ರೆ ಸಾಕಲ್ಲ," ಅನ್ನುತ್ತಿದ್ದಳು.

ಕಂಪನಿಯವರು ಒಮ್ಮೆ ಅವನನ್ನು ಕೈಕೆಳಗಿನವರ ಜೊತೆ ಮಾತಾಡುವುದು ಹೇಗೆ ಅಂತ ಕಲಿಯಲು ತರಬೇತಿಗೂ ಕಳಿಸಿದ್ದರು. ಪಾಠ ಹೇಳಲು ಬಂದ ಹುಡುಗಿ "ಕೇಳಿಸಿಕೊಳ್ಳುವುದೇ ಮಾತಿನ ಅರ್ಧ ಭಾಗ" ಎಂದಳು. ಆ ಮಾತು ಮೈಕಿಗೆ ಎಷ್ಟು ಹಿಡಿಸಿತೆಂದರೆ, ಎದ್ದು ನಿಂತು, ಕೇಳಿಸಿಕೊಳ್ಳುವುದರ ಮಹತ್ವದ ಬಗ್ಗೆ ಟೀ ಬರುವ ತನಕ ಭಾಷಣ ಬಿಗಿದ. ಆ ಹುಡುಗಿ ಬಾಯಿ ತೆರೆದಾಗಲೆಲ್ಲ "ಒಂದ್ನಿಮಿಷ ಮೇಡಂ, ಮುಗಿಸ್ಬಿಡ್ತೀನಿ" ಅಂದ. ವಾಪಸ್ ಬಂದವನು ಹೊಸ ವಿದ್ಯೆಯನ್ನೆಲ್ಲ ಪ್ರಯೋಗಿಸಿದ. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಅಂದಿದ್ದರು. ಅವನು ಕಣ್ಣರಳಿಸಿ ನೋಡಿದ ರೀತಿಗೆ, ಬಟ್ಟೆ ಮಡಚುವ ಟೇಬಲ್ಲಿನ ದೊಡ್ಡಕ್ಕ ಗಾಬರಿಯಾಗಿ, "ಯಾಕಪ್ಪಾ, ನನ್ನ ಮುಖದ ಮೇಲೆ ಏನಾದ್ರೂ ಹರೀತಿದ್ಯಾ?" ಅಂತ ಕೆನ್ನೆ ಒರೆಸಿಕೊಂಡಳು. ಬೈಯುವ ಮೊದಲು ಹೊಗಳಬೇಕು ಅಂದಿದ್ದರು. ಅದನ್ನೂ ಮಾಡಿದ. ಸ್ವಲ್ಪ ದಿನದಲ್ಲೇ, ಮೈಕು ಹೊಗಳಲು ಶುರುಮಾಡಿದರೆ ಸಾಕು, ಜನ ಮುಂದಿನದಕ್ಕೆ ಮೈ ಬಿಗಿಹಿಡಿದು ನಿಲ್ಲತೊಡಗಿದರು.

ಆ ಲಾಂಡ್ರಿಯಲ್ಲಿ ಅವನಿಗೆ ತಕರಾರಿಲ್ಲದ ಮನುಷ್ಯನೆಂದರೆ ರೋಲರ್ ನಡೆಸುವವನು ಒಬ್ಬನೇ. ಕಾದ ಎರಡು ಉರುಳೆಗಳ ಒಂದು ಯಂತ್ರ; ಒಂದು ಕಡೆ ಒದ್ದೆ ಹಾಸು ಕೊಟ್ಟರೆ ಇನ್ನೊಂದು ಕಡೆ ಇಸ್ತ್ರಿಯಾಗಿ ಬರುತ್ತದೆ. ಅದನ್ನು ನಡೆಸುವವನು ಕಡ್ಡಿಯಂಥ ಆಳು, ಮಾತು ಕಡಿಮೆ. ಏನು ಹೇಳಿದರೂ "ಆಯ್ತು ಸಾರ್." ಹೊತ್ತಿಗೆ ಮುಂಚೆ ಬಾ ಅಂದರೂ ಆಯ್ತು, ಊಟ ಆಮೇಲೆ ಮಾಡು ಅಂದರೂ ಆಯ್ತು. ಮೈಕು ಖುಷಿಯಾಗಿ ಅವನಿಗೆ 'ಆಯ್ತಪ್ಪ' ಅಂತ ನಾಮಕರಣ ಮಾಡಿದ. ಎಲ್ಲರೂ ನಕ್ಕರು. ಆಯ್ತಪ್ಪನೂ ಸ್ವಲ್ಪ ನಕ್ಕ. ಕೆಲಸಗಾರ ಅಂದರೆ ಹೀಗಿರಬೇಕು, ತಾನು ತಿದ್ದಿ ತೀಡಿದ್ದಕ್ಕೆ ಹೀಗಾದ ಅಂತ ಮೈಕು ಹೋದಲ್ಲಿ ಬಂದಲ್ಲಿ ಹೇಳಿಕೊಂಡ.

ಒಂದು ದಿನ ಹೋಟೆಲಿನ ಅವಸರದ ಬಟ್ಟೆ ಬಂದಿತ್ತು. ಹಾಸೊಂದು ರೋಲರಿಗೆ ಸುತ್ತಿಕೊಂಡಿತು. ಮೈಕು ಯಂತ್ರಗಳಿದ್ದ ದೊಡ್ಡ ಹಾಲಿನ ಆ ತುದಿಯಿಂದಲೇ ಕೂಗಿದ: "ಏಯ್ ಆಯ್ತಪ್ಪಾ, ಆಫ್ ಮಾಡೋ!"

ಸ್ವಿಚ್ಚು ಇದ್ದದ್ದು ಯಂತ್ರದ ಹಿಂದಿನ ಗೋಡೆಯಲ್ಲಿ. ಅಲ್ಲಿ ನಿಂತವರಿಗೆ ರೋಲರ್ ಕಾಣುವುದಿಲ್ಲ. ಆಯ್ತಪ್ಪ ಅತ್ತ ಓಡಿ, ಅಲ್ಲಿಂದಲೇ, "ಆಯ್ತು ಸಾರ್!" ಅಂದ.

ಆಯ್ತು ಅಂದ ಮೇಲೆ ನೋಡುವುದೇನಿದೆ? ಮೈಕು ದಡದಡ ಓಡಿಬಂದು ಆ ಹಾಸನ್ನು ಹಿಡಿದು ಎಳೆದ. ರೋಲರ್ ಇನ್ನೂ ತಿರುಗುತ್ತಲೇ ಇತ್ತು. ದೊಡ್ಡಕ್ಕ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ್ದಕ್ಕೆ ಕೈ ಉಳಿಯಿತು. ಅಂಗೈ, ಬೆರಳು ಸುಟ್ಟು ಬೊಬ್ಬೆ ಎದ್ದವು. ಅವತ್ತು ಅವನು ಹಾಕಿದ ಕೂಗಿಗೆ ಯಾವ ಯಂತ್ರವೂ ಸಮ ಇರಲಿಲ್ಲ. ಮೇಲಿನ ಕೋಣೆಯಿಂದ ಮ್ಯಾನೇಜರಮ್ಮ ಇಳಿದು ಓಡಿಬಂದರು. ಮೈಕು ಎಲ್ಲರ ಮುಂದೆ, ಸುಡದೆ ಉಳಿದ ಕೈಯಲ್ಲಿ ಆಯ್ತಪ್ಪನನ್ನು ತೋರಿಸಿ, "ಇವನೇ! ಇವನೇ ಆಯ್ತು ಅಂದದ್ದು! ಹಾಳಾದವನು ನನ್ನ ಕೈ ಸುಟ್ಟ!" ಎಂದು ಅರಚಿದ.

"ಸಾರ್, ನಾನು..." ಎಂದ ಆಯ್ತಪ್ಪ.

"ಮುಚ್ಚೋ ಬಾಯಿ!"

ಮ್ಯಾನೇಜರಮ್ಮ ಮೆಲುದನಿಯವರು, ಆದರೆ ಮಾತು ಖಡಾಖಂಡಿತ. "ನಾನು ಹೇಳಿಕಳಿಸೋ ತನಕ ಕೆಲ್ಸಕ್ಕೆ ಬರಬೇಡ," ಎಂದು ಆಯ್ತಪ್ಪನಿಗೆ ಹೇಳಿದರು. ಮೈಕಿನ ಕಡೆ ತಿರುಗಿ, "ನೀವು ಡಾಕ್ಟರಿಗೆ ಕೈ ತೋರಿಸ್ಕೊಂಡು ಬನ್ನಿ. ಇವನನ್ನ ಇಟ್ಕೊಳ್ಳೋದೋ ತೆಗೆಯೋದೋ, ನಿಮ್ಮ ಮಾತು ಕೇಳಿ ತೀರ್ಮಾನ ಮಾಡ್ತೀನಿ," ಎಂದರು.

ಸಂಜೆ ಬಲಗೈಗೆ ದಿಂಬಿನಷ್ಟು ದಪ್ಪ ಪಟ್ಟಿ ಕಟ್ಟಿಸಿಕೊಂಡು ಮೈಕು ಮನೆಯಲ್ಲಿ ಕೂತಿದ್ದ. ಹೆಂಡತಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ತುತ್ತಿನ ಮಧ್ಯೆ ಮಧ್ಯೆ ಕಥೆ ಹೊರಗೆ ಬರುತ್ತಿತ್ತು.

"ಅದೆಲ್ಲ ಇರ್ಲಿ. ನೀವು ಅವನಿಗೆ ಏನಂದ್ರಿ?" ಎಂದಳು ಹೆಂಡತಿ.

"ಆಫ್ ಮಾಡು ಅಂದೆ."

"ಅವನು?"

"ಆಯ್ತು ಅಂದ! ಅದೇ ಹೇಳ್ತಿರೋದು ನಾನು!"

"ಮಾಡು ಅಂದ್ರೆ ಆಯ್ತು ಅನ್ನದೆ ಇನ್ನೇನು ಅನ್ಬೇಕಿತ್ತು? ಸರಿ, ಮಾಡ್ತೀನಿ ಅಂತ ಅಂದಿರ್ತಾನೆ. ಮಾಡಿಯಾಯ್ತು ಅಂತ ನೀವು ತಿಳ್ಕೊಂಡ್ರಿ."

"ಆಯ್ತು ಅಂದ್ರೆ ಆಯ್ತು ಕಣೇ. ಅದರಲ್ಲಿ ಮಾಡ್ತೀನಿ ಎಲ್ಲಿಂದ ಬಂತು?"

"ಹೌದಾ? ಬಚ್ಚಲುಮನೆ ನಲ್ಲಿ ಸರಿಮಾಡ್ಸಿ ಅಂದ್ರೆ ಮೂರು ತಿಂಗಳಿಂದ ಆಯ್ತು ಅಂತಾನೇ ಇದ್ದೀರಲ್ಲ. ಆಗಿದ್ಯಾ?"

ಬಚ್ಚಲುಮನೆಯಿಂದ ತೊಟ್ ತೊಟ್ ಅಂತ ಉತ್ತರ ಬಂತು. ಮೈಕು ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ಮರೆತ. ಛೇ, ಹಾಗಾದರೆ ಆ ಬಡಪಾಯಿ ತಪ್ಪೇನೂ ಮಾಡಿಲ್ಲ! ಅವನು 'ಮಾಡ್ತೀನಿ' ಅಂದದ್ದನ್ನು ತಾನು 'ಮಾಡಿದೆ' ಅಂತ ಕೇಳಿಸಿಕೊಂಡದ್ದು, ಅಷ್ಟೇ. ಮನಸ್ಸು ಕರಗಿತು. ಮನಸ್ಸು ಕರಗಿದರೆ ಮೈಕಿಗೆ ಮೊದಲು ಬರುವುದು ಮಾತು. ನಾಳೆಯೇ ಅವನ ಮನೆಗೆ ಹೋಗಿ ಕ್ಷಮಿಸಿ ಬರುತ್ತೇನೆ, ಹೀಗೆ ಹೀಗೆ ಹೇಳುತ್ತೇನೆ ಎಂದು ಅಲ್ಲೇ ಶುರುಮಾಡಿದ.

"ಹೋಗಿ, ಒಳ್ಳೇದು," ಎಂದಳು ಹೆಂಡತಿ. "ಆದ್ರೆ ಅವನಿಗೂ ಮಾತಾಡೋಕೆ ಬಿಡಿ. ತಡೆಯೋಕೆ ಆಗ್ಲಿಲ್ಲ ಅಂದ್ರೆ ಬಾಯಲ್ಲಿ ಏನಾದ್ರೂ ಇಟ್ಕೊಳ್ಳಿ."

ಆಯ್ತಪ್ಪನ ಮನೆ ಮಾರುಕಟ್ಟೆ ಹಿಂದೆ, ಮಹಡಿ ಮೇಲೆ, ಒಂದೇ ಕೋಣೆ. ಮೈಕು ಹೋದಾಗ ಅವನು ಮಗಳ ಶಾಲೆಯ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದ. ಗಾಬರಿಯಿಂದ ಕುರ್ಚಿ ಒರೆಸಿ ಕೂರಿಸಿದ. ಟೀ ಮಾಡಿಕೊಟ್ಟು, ತಟ್ಟೆಯಲ್ಲಿ ಬನ್ನು ತಂದಿಟ್ಟ. ಮೈಕು ಗಂಟಲು ಸರಿಮಾಡಿಕೊಂಡ. "ನೋಡಪ್ಪಾ, ನಾನೂ ಯೋಚ್ನೆ ಮಾಡ್ದೆ. ನೀನು ಆಯ್ತು ಅಂದದ್ದು 'ಮಾಡ್ತೀನಿ' ಅಂತ. ನಾನು ಅವಸರದಲ್ಲಿ ತಪ್ಪು ತಿಳ್ಕೊಂಡೆ. ಇನ್ಮೇಲೆ ಸ್ವಲ್ಪ ಬಿಡಿಸಿ ಹೇಳೋದು ಕಲಿ. ಈ ಸಲ ದೊಡ್ಡ ಮನಸ್ಸು ಮಾಡಿ..."

"ಅಲ್ಲ ಸಾರ್," ಎಂದ ಆಯ್ತಪ್ಪ.

ಮೈಕು ಬೆಚ್ಚಿದ. ಈ ಬಾಯಿಂದ ಆ ಪದವನ್ನು ಅವನು ಕೇಳಿದ್ದೇ ಇಲ್ಲ. ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಹೆಂಡತಿ ನೆನಪಾದಳು. ಅರ್ಧ ಬನ್ನು ಬಾಯಿಗೆ ತುರುಕಿಕೊಂಡ.

"ನಾನು ಸ್ವಿಚ್ಚು ಒತ್ತಿದ ಮೇಲೇನೇ ಆಯ್ತು ಅಂದದ್ದು ಸಾರ್. ಆ ಸ್ವಿಚ್ಚು ಕೆಟ್ಟಿದೆ. ಒಂದೊಂದ್ಸಲ ಟಕ್ ಅನ್ನುತ್ತೆ, ಆದ್ರೆ ಆಫ್ ಆಗಿರಲ್ಲ. ನಿಮ್ಗೆ ಹೇಳಿದ್ನಲ್ಲ."

ಮೈಕು ಬನ್ನಿನ ಹಿಂದಿನಿಂದ ಏನೋ ಗುರುಗುಟ್ಟಿದ. ಯಾವಾಗ ಹೇಳಿದೆ ಅಂತ ಕೇಳಿದ್ದು ಅದು.

"ಹೋದ ತಿಂಗಳು ಹೇಳ್ದೆ. ನೀವು ಫೋನಲ್ಲಿ ಮಾತಾಡ್ತಾ ಇದ್ರಿ. ಆಯ್ತಾಯ್ತು ಅಂತ ಕೈಯಾಡಿಸಿದ್ರಿ. ಸರಿ, ಮಾಡಿಸ್ತಾರೆ ಅಂತ ಕಾದೆ. ಆಮೇಲೆ ಒಂದಿನ ಮತ್ತೆ ಬಂದು, 'ಸಾರ್, ಸ್ವಿಚ್ಚು ಆಯ್ತಾ' ಅಂತ ಕೇಳ್ದೆ. 'ಆಯ್ತು ಅಂದ್ನಲ್ಲೋ, ಎಷ್ಟು ಸಲ ಬಡ್ಕೋಬೇಕು' ಅಂತ ರೇಗಿದ್ರಿ. ರಿಪೇರಿ ಆಗಿದೆ ಅಂದ್ಕೊಂಡೆ ಸಾರ್. ನೀವೇ ಆಯ್ತು ಅಂದ ಮೇಲೆ ನೋಡೋದೇನಿದೆ?"

ಬನ್ನು ಗಂಟಲಲ್ಲಿ ನಿಂತಿತು. ಎರಡು ಸಲವೂ ಮೈಕಿಗೆ ನೆನಪಿತ್ತು. ಅಂದರೆ ಅವನ ಮಾತಲ್ಲ, ತಾನು ಕೈಯಾಡಿಸಿದ್ದು, ರೇಗಿದ್ದು ನೆನಪಿತ್ತು. ನೊಣ ಓಡಿಸಿದ ಹಾಗೆ. ಇವನ 'ಆಯ್ತು' ಚೊಕ್ಕವಾಗಿಯೇ ಇತ್ತು. ಸುಳ್ಳಾದದ್ದು ತನ್ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಜ್ವರವೂ ಎತ್ತಿನದೇ, ಬರೆ ಬಿದ್ದದ್ದೂ ಎತ್ತಿನ ಮೇಲೇ, ಕೆಲಸ ಕಳೆದುಕೊಳ್ಳುವುದು ಮಾತ್ರ ಎಮ್ಮೆ. ಕ್ಷಮಿಸಲು ಬಂದ ಮಹಾನುಭಾವ ಟೀ ಕುಡಿದು, ಉಳಿದರ್ಧ ಬನ್ನನ್ನೂ ತಿಂದು, ಮೆಟ್ಟಿಲಿಳಿದ.

ಲಾಂಡ್ರಿಯ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇಬ್ಬರು ಕಚ್ಚಾಡಿದರು. ಸ್ವಿಚ್ಚಿನ ವಿಷಯ ಯಾರಿಗೂ ಗೊತ್ತಿಲ್ಲ ಕಣೋ, ಸುಮ್ಮನಿರು, 'ಪಾಪ, ಇರಲಿ ಬಿಡಿ ಮೇಡಂ' ಅಂದುಬಿಡು, ಅವನ ಕೆಲಸವೂ ಉಳಿಯುತ್ತೆ, ನಿನ್ನ ಮರ್ಯಾದೆಯೂ ಉಳಿಯುತ್ತೆ ಅಂದ ಒಬ್ಬ. ಇನ್ನೊಬ್ಬ ಪಟ್ಟಿ ಕಟ್ಟಿದ ಕೈಯನ್ನು ಚುರುಚುರು ಅನ್ನಿಸಿದ. ಮ್ಯಾನೇಜರಮ್ಮನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಎದುರಿಗೆ ಕೂತಾಗ, "ಯಂತ್ರ ಅಂದ ಮೇಲೆ ಮೇಡಂ..." ಅಂತ ಒಂದು ದೊಡ್ಡ ಪೀಠಿಕೆ ಹಾಕಿದ. ಅವರು ಕೈಯೆತ್ತಿ ತಡೆದರು. "ತಪ್ಪು ಯಾರದ್ದು, ಅಷ್ಟು ಹೇಳಿ."

"ನಂದು ಮೇಡಂ," ಅಂದ. ಇಷ್ಟು ಚಿಕ್ಕ ಮಾತನ್ನು ಅವನು ಆಡಿದ್ದು ಯಾವ ಕಾಲವಾಗಿತ್ತೋ. ಉಳಿದದ್ದನ್ನು ಅವರೇ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಸ್ವಿಚ್ಚು ಬದಲಿಸಲು ಅವತ್ತೇ ಕರೆಂಟಿನವನನ್ನು ಕರೆಸಿದರು, ಆಯ್ತಪ್ಪನಿಗೆ ಹೇಳಿಕಳಿಸಿದರು. "ಇನ್ನೊಂದ್ಸಲ ಹೀಗಾದ್ರೆ ಒದ್ದೆ ಬಟ್ಟೆ ಹೊರೋಕೆ ವಾಪಸ್ ಕಳಿಸ್ತೀನಿ," ಎಂದು ಮೈಕಿಗೆ ಮೆಲುದನಿಯಲ್ಲೇ ಹೇಳಿದರು.

ಮರುದಿನ ಬೆಳಿಗ್ಗೆ ಮೈಕು ಗೇಟಿನಲ್ಲಿ ಕಾದು ನಿಂತಿದ್ದ. ಮೈ ಹಗುರ, ಮನಸ್ಸಿನಲ್ಲಿ ಸಣ್ಣದೊಂದು ಆಸೆ. ಕಣ್ಣೀರು ಹಾಕದಿದ್ದರೂ ಕೈಯಾದರೂ ಹಿಡಿದಾನು ಎಂದು. ಆಯ್ತಪ್ಪ ಬಂದ.

"ಎಲ್ಲಾ ಸರಿಮಾಡ್ಬಿಟ್ಟೆ ಕಣೋ! ಮೇಡಂ ರೂಮಿಗೆ ಹೋಗಿ ತಪ್ಪು ನಂದೇ ಅಂತ ಹೇಳ್ಬಿಟ್ಟೆ. ಬಾ, ಬಾ ಒಳಗೆ."

ಆಯ್ತಪ್ಪ ಒಳಗೆ ಬರಲಿಲ್ಲ. ಗೇಟಿನ ಆಚೆಯೇ ನಿಂತ. "ಬಾಗಿಲು ಹಾಕಿತ್ತಾ ಸಾರ್?"

"ಯಾವ ಬಾಗಿಲು?"

"ಮೇಡಂ ರೂಮಿಂದು."

"ಹಾಕಿತ್ತು. ಯಾಕೆ?"

"ನಂಗೆ ಬೈದಾಗ ಎಲ್ರೂ ಇದ್ರು ಸಾರ್."

 ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವುದೂ ಇರಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಲು ತಯಾರಾದವನ ಹಾಗೆ ಚೀಲ ಹೆಗಲಿಗೇ ಇತ್ತು. ಮೈಕಿಗೆ ರಕ್ತ ತಲೆಗೇರಿತು. ಎಲಾ ಇವನ, ಕೊಟ್ಟದ್ದು ಸಾಲದು ಅಂತ... ಆ ರಕ್ತ ಏರಿದ ಹಾಗೇ ಇಳಿದೂ ಹೋಯಿತು. ಇವನು ಹೋಗಿಬಿಡುತ್ತಾನೆ, ಹೋದರೆ ಅದು ತನ್ನಿಂದಲೇ. 

"ಬಾ," ಅಂತ ಮುಂದೆ ನಡೆದ.

ಹಾಲಿನಲ್ಲಿ ಎಲ್ಲ ಯಂತ್ರಗಳೂ ಓಡುತ್ತಿದ್ದವು. ಮೈಕು ರೋಲರಿನ ಪಕ್ಕ ನಿಂತು ಬಾಯಿ ತೆರೆದ. "ಅವತ್ತು... ಇವನದು..." ಇಷ್ಟು ವರ್ಷ ಬೀದಿಯಾಚೆಗೂ ಕೇಳಿಸಿದ ಗಂಟಲು ಅವತ್ತೇ ಕೈಕೊಡಬೇಕೇ!

"ಏನಂದ್ರಿ ಸಾರ್?" ದೊಡ್ಡಕ್ಕ ಟೇಬಲ್ಲಿನಿಂದ ಕೂಗಿದಳು. "ಕೇಳಿಸ್ತಿಲ್ಲ!"

"ತಪ್ಪು... ಅವತ್ತಿನ ತಪ್ಪು..."

"ಗಟ್ಟಿಯಾಗಿ ಹೇಳಿ ಸಾರ್!"

ಆಯ್ತಪ್ಪ ಚೀಲ ಕೆಳಗಿಟ್ಟ. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ಇಡೀ ಹಾಲನ್ನೇ ನಿಲ್ಲಿಸಿಬಿಟ್ಟ. ಒಂದೊಂದಾಗಿ ಯಂತ್ರಗಳು ಉಸಿರು ಬಿಟ್ಟು ಸುಮ್ಮನಾದವು. ಕೆಲಸದ ಹೊತ್ತಿನಲ್ಲಿ ಆ ಹಾಲಿನಲ್ಲಿ ಅಂಥ ನಿಶ್ಶಬ್ದವನ್ನು ಮೈಕು ಕೇಳಿಯೇ ಇರಲಿಲ್ಲ. ಒದ್ದೆ ಬಟ್ಟೆಯ ಗಾಡಿಯವರು, ಮಡಚುವ ಹೆಂಗಸರು, ಎಲ್ಲರ ಮುಖವೂ ಇತ್ತ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ.

"ಅವತ್ತು ಇವನ ತಪ್ಪು ಏನೂ ಇರಲಿಲ್ಲ," ಎಂದ ಮೈಕು. "ಸ್ವಿಚ್ಚು ಕೆಟ್ಟಿದೆ ಅಂತ ನಂಗೆ ಎರಡು ಸಲ ಹೇಳಿದ್ದ. ನಾನು ಕೇಳಿಸ್ಕೊಳ್ಳಲಿಲ್ಲ. ನನ್ನ ತಪ್ಪಿಗೆ ಎಲ್ರ ಮುಂದೆ ಇವನನ್ನ ಬೈದೆ."

ಮೆಲ್ಲಗೇ ಹೇಳಿದ. ಕೊನೆಯ ಟೇಬಲ್ಲಿನವರೆಗೂ ಕೇಳಿಸಿತು. 

"ಇನ್ನೇನಾದ್ರೂ ಹೇಳೋದಿದ್ಯಾ ಸಾರ್?" ಆಯ್ತಪ್ಪನ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

ಹೇಳುವುದು ಬೇಕಾದಷ್ಟಿತ್ತು. ಮೈಕಿಗೆ ಯಾವತ್ತೂ ಇರುತ್ತಿತ್ತು.

"ಇಲ್ಲಪ್ಪಾ. ನೀನು ಹೇಳು."

ಆಯ್ತಪ್ಪ ಸ್ವಿಚ್ಚಿನಿಂದ ಕೈ ತೆಗೆದ. ಎಲ್ಲರ ಕಡೆಗೂ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಅವನಿಗೆ ಹೇಳುವುದು ಬಹಳ ಇತ್ತು.