ನಾಲ್ಕು ಗಂಟೆಯ ಬೊಗಸೆ

ಗುಂಡಿ ಕಾರ್ಖಾನೆಯ ಆರಿಸುವ ಕೋಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಚುರುಕಮ್ಮ ಎಂದರೆ ಎಲ್ಲರಿಗೂ ಗೊತ್ತು. ಅಂಗಿಗೆ ಹೊಲಿಯುವ ಗುಂಡಿಗಳನ್ನು ಅಲ್ಲಿ ಉದ್ದನೆಯ ಮೇಜಿನ ಮೇಲೆ ರಾಶಿ ಸುರಿಯುತ್ತಿದ್ದರು. ಬಿರುಕು ಬಿಟ್ಟದ್ದು, ತೂತು ಮುಚ್ಚಿಕೊಂಡದ್ದು, ಅಂಚು ಮುಕ್ಕಾದದ್ದನ್ನು ಅತ್ತ ತಳ್ಳಿ, ಒಳ್ಳೆಯದನ್ನು ತನ್ನ ಡಬ್ಬಿಗೆ ಹಾಕಿಕೊಳ್ಳಬೇಕು. ಹನ್ನೊಂದು ಹೆಂಗಸರು, ಎತ್ತರದ ಒರಗುಹಲಗೆಯ ಒಂದೇ ಬೆಂಚಿನಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುತ್ತಿದ್ದರು. ಪ್ರತಿ ಡಬ್ಬಿಯ ಒಳಗೆ ಒಂದು ಕೆಂಪು ಗೆರೆ. ಸಂಜೆ ಐದಕ್ಕೆ ಗುಂಡಿ ಆ ಗೆರೆ ಮುಟ್ಟಿರಬೇಕು. ಮೂರು ವಾರ ಸತತವಾಗಿ ಮುಟ್ಟದವಳಿಗೆ ಮನೆಯೇ ಗತಿ.

ಚುರುಕಮ್ಮನ ಡಬ್ಬಿ ಮೂರಕ್ಕೇ ಗೆರೆ ದಾಟುತ್ತಿತ್ತು. ಬಾಯಿಗೂ ಕೈಗೂ ಪಂದ್ಯ ಕಟ್ಟಿದ ಹೆಂಗಸು ಅವಳು. ಮೇಸ್ತ್ರಿಯ ಮೀಸೆಯಿಂದ ಹಿಡಿದು ಮಾಲೀಕರ ಬೀಗಿತ್ತಿಯವರೆಗೆ ಯಾರನ್ನೂ ಬಿಟ್ಟವಳಲ್ಲ. ಆ ಕೈ ಮಾತ್ರ ಅವಳ ಸ್ವಂತ ಸಂಪಾದನೆಯಲ್ಲ, ಅತ್ತಿಗೆ ಕೊಟ್ಟದ್ದು. ಒಂಬತ್ತು ವರ್ಷಕ್ಕೆ ತಾಯಿ ಸತ್ತಾಗ ತಲೆ ಬಾಚಿ, ಅನ್ನ ಹಾಕಿ ಸಾಕಿದವಳು ಅಣ್ಣನ ಹೆಂಡತಿ. ಹದಿನೆಂಟಾದಾಗ ಈ ಬೆಂಚಿಗೆ ಕರೆತಂದು, "ಕಣ್ಣು ಮುಚ್ಚು, ಬೆರಳಲ್ಲಿ ನೋಡು" ಎಂದು ಕಲಿಸಿದವಳೂ ಅವಳೇ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಅಕ್ಕಪಕ್ಕ.

ಈಗ ಅತ್ತಿಗೆಯ ಕಣ್ಣಿಗೆ ಮಂಜು ಕವಿದಿತ್ತು. ತೋಳು ಚಾಚುವಷ್ಟು ದೂರದಾಚೆ ಎಲ್ಲವೂ ಮಸುಕು. ನರ ಒಣಗಿದೆ, ಕತ್ತರಿ ಹಾಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಬೆರಳೂ ನಿಧಾನವಾಗಿತ್ತು. ಪಿಂಚಣಿಗೆ ಇನ್ನು ಎಂಟೇ ತಿಂಗಳು. ಎಂಟು ತಿಂಗಳು ಹೇಗೋ ದೂಡಿದರೆ ಕೊನೆಗಾಲದಲ್ಲಿ ಯಾರ ಮುಂದೂ ಕೈಯೊಡ್ಡಬೇಕಿಲ್ಲ.

ಯಾರಿಗೂ ಅದರ ಚಿಂತೆಯಿರಲಿಲ್ಲ, ಬೊಗಸೆ ಇತ್ತಲ್ಲ. ನಾಲ್ಕಕ್ಕೆ ನೀರು ಕುಡಿಯುವ ಬಿಡುವಿನ ಗಂಟೆ ಹೊಡೆದಾಗ ಗೆರೆ ದಾಟಿದವಳು ಒಂದು ಬೊಗಸೆ ಗುಂಡಿ ತೆಗೆದು ಮೇಜಿನ ಕೆಳಗೆ ಪಕ್ಕದವಳ ಮಡಿಲಿಗೆ ಹಾಕುತ್ತಿದ್ದಳು. ಅದು ಮಡಿಲಿಂದ ಮಡಿಲಿಗೆ ಸಾಗಿ, ಹಿಂದೆ ಬಿದ್ದವಳ ಡಬ್ಬಿ ಸೇರುತ್ತಿತ್ತು. ಬಸುರಿಗೆ, ಜ್ವರದವಳಿಗೆ, ಹಿಂದಿನ ರಾತ್ರಿ ಗಂಡನ ಜೊತೆ ಕಿತ್ತಾಡಿ ನಿದ್ದೆಗೆಟ್ಟವಳಿಗೆ. ಹೊಸದರಲ್ಲಿ ಚುರುಕಮ್ಮನೂ ಮೂರು ತಿಂಗಳು ಬೊಗಸೆಯಲ್ಲೇ ಬದುಕಿದ್ದಳು. ಯಾರೂ ಯಾರಿಗೂ ಉಪಕಾರ ಎನ್ನುವಂತಿರಲಿಲ್ಲ. ಅಂದವಳಿಗೆ ತೊಡೆಗೊಂದು ಚಿವುಟು ಬೀಳುತ್ತಿತ್ತು. ಐದಕ್ಕೆ ಮೇಸ್ತ್ರಿ ಬಂದು ನೋಡಿದರೆ ಹನ್ನೊಂದು ಡಬ್ಬಿಯೂ ಗೆರೆಗೆ ಸರಿಯಾಗಿ ನಿಂತಿರುತ್ತಿದ್ದವು. ಆ ಪುಣ್ಯಾತ್ಮ ಅದೆಲ್ಲ ತನ್ನ ಮೀಸೆಯ ಮಹಿಮೆ ಅಂದುಕೊಂಡಿದ್ದ.

ಹನ್ನೊಂದು ಡಬ್ಬಿ ದಿನಾ ಸಮ ಇರುವುದು ಹೇಗೆ ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ಯಾರಿಗೋ ಹುಟ್ಟಿತಂತೆ. ಕಾರ್ಖಾನೆಗಳಲ್ಲಿ ಜನ ಹೇಗೆ ದುಡಿಯುತ್ತಾರೆ ಎಂದು ಸಂಶೋಧನೆ ಮಾಡುವ ಮೇಡಂ ಒಬ್ಬರು ಬಂದರು. ಬಡಕಲು ಮೈ, ಬೂದು ಬಣ್ಣದ ಸ್ವೆಟರು, ಕೈಯಲ್ಲಿ ಪುಸ್ತಕ. ಬೆಂಚಿನ ಹಿಂದೆ, ಗೋಡೆಗೆ ತಾಗಿಸಿ ಒಂದು ಎತ್ತರದ ಸ್ಟೂಲ್ ಹಾಕಿಸಿಕೊಂಡರು.

"ನಾನಿಲ್ಲಿ ಇಲ್ಲ ಅಂದ್ಕೊಂಡು ಕೆಲಸ ಮಾಡಿ," ಎಂದರು.

ಹೇಳುವುದು ಸುಲಭ ತಾಯಿ. ಬೆನ್ನ ಹಿಂದೆ ಪೆನ್ಸಿಲ್ ಕರಕರ ಎನ್ನುತ್ತಿದ್ದರೆ ಇಲ್ಲ ಅಂದುಕೊಳ್ಳುವುದು ಯಾರಿಗೆ ಸಾಧ್ಯ? ಅಂದು ನಾಲ್ಕಕ್ಕೆ ಗಂಟೆ ಹೊಡೆಯಿತು, ಒಂದು ಕೈಯೂ ಮೇಜಿನ ಕೆಳಗೆ ಇಳಿಯಲಿಲ್ಲ. ಚುರುಕಮ್ಮನ ಡಬ್ಬಿ ತುಂಬಿ ತುಳುಕಿತು, ಅತ್ತಿಗೆಯದು ಗೆರೆಗಿಂತ ಎರಡು ಬೆರಳು ಕೆಳಗೆ ನಿಂತಿತು. ಸಂಶೋಧನೆ ಮುಗಿಯುವವರೆಗೆ ಯಾರನ್ನೂ ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರಿಂದ ಎಲ್ಲರೂ ಹಲ್ಲು ಕಚ್ಚಿ ಸುಮ್ಮನಿದ್ದರು. ಇಪ್ಪತ್ತು ದಿನ ಕೂತು ಮೇಡಂ ಹೋದರು.

"ಅಂತೂ ಶನಿ ತೊಲಗ್ತು," ಎಂದಳು ಚುರುಕಮ್ಮ.

ಸ್ಟೂಲ್ ಮಾತ್ರ ಅಲ್ಲೇ ಉಳಿಯಿತು. ಅದು ಮೇಡಂ ಅವರದು, ಯಾರೂ ಮುಟ್ಟಬೇಡಿ ಎಂದಿದ್ದರು ಮ್ಯಾನೇಜರ್. ಮರುದಿನ ನಾಲ್ಕಕ್ಕೆ ಚುರುಕಮ್ಮ ಡಬ್ಬಿಗೆ ಎರಡೂ ಕೈ ಹಾಕಿ ಬೊಗಸೆ ತುಂಬಿದಳು. ಕುತ್ತಿಗೆಯ ಹಿಂಭಾಗ ತಣ್ಣಗಾಯಿತು. ತಿರುಗಿ ನೋಡಿದಳು. ಸ್ಟೂಲ್ ಖಾಲಿ. ಮತ್ತೆ ಮುಂದಕ್ಕೆ ತಿರುಗಿದಳು, ಕರಕರ ಕೇಳಿಸಿತು. ಬೊಗಸೆ ತಾನಾಗಿ ಬಿಚ್ಚಿಕೊಂಡಿತು, ಗುಂಡಿಗಳು ಡಬ್ಬಿಗೇ ಸುರಿದವು.

"ನಿನಗೂ ಕೇಳಿಸ್ತಾ?" ಎಂದು ಪಕ್ಕದ ಬಸುರಿ ತುಟಿ ಅಲುಗಿಸದೆ ಕೇಳಿದಳು.

"ಇಲಿ ಇರ್ಬೇಕು, ಸುಮ್ನಿರೇ."

ಇಲಿಯೂ ಇಲ್ಲ, ಮಣ್ಣೂ ಇಲ್ಲ. ಕಸ ಗುಡಿಸುವವಳು ಸ್ಟೂಲಿನ ಸುತ್ತ ಗುಡಿಸಿ, ಮೇಡಂ ಕಾಲಿಡುತ್ತಿದ್ದ ಜಾಗ ಬಿಟ್ಟಳು. ಒಂದು ದಿನ ಒಬ್ಬಳು ಮರೆತು ಅದರ ಮೇಲೆ ಚೀಲ ಇಟ್ಟವಳು ಸರಕ್ಕನೆ ಎತ್ತಿಕೊಂಡು, ಸ್ಟೂಲಿಗೆ "ಗೊತ್ತಾಗ್ಲಿಲ್ಲ ಮೇಡಂ" ಎಂದಳು. ಯಾರೂ ನಗಲಿಲ್ಲ. ಸ್ಟೂಲಿನ ಮೆತ್ತೆಯಲ್ಲಿ ಕೂತ ತಗ್ಗು ಹಾಗೇ ಇತ್ತು, ದಿನ ಕಳೆದರೂ ಉಬ್ಬಲಿಲ್ಲ. ಮಾತೂ ನಿಂತಿತು. ಚುರುಕಮ್ಮನಂಥ ಚುರುಕಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಳು ಎಂದರೆ ನೀವೇ ಅಂದಾಜು ಮಾಡಿ.

ಸಂಶೋಧನೆ ಮುಗಿದ ಮೇಲೆ ಕೆಂಪು ಗೆರೆಯ ಕಾನೂನು ಮತ್ತೆ ಜಾರಿಗೆ ಬಂತು. ಮೊದಲ ವಾರ ಅತ್ತಿಗೆಯ ಡಬ್ಬಿ ಗೆರೆ ಮುಟ್ಟಲಿಲ್ಲ. ಎರಡನೇ ವಾರವೂ ಇಲ್ಲ. ಸಂಜೆ ಕೈ ಹಿಡಿದು ಮನೆಗೆ ಕರೆದೊಯ್ಯುವಾಗ ಚುರುಕಮ್ಮ, "ನಾಳೆ ಹಾಕ್ತೀನಿ ಅತ್ತಿಗೆ, ಆಯಮ್ಮ ಹೋಗಿ ಆಯ್ತಲ್ಲ," ಎನ್ನುತ್ತಿದ್ದಳು. ಅತ್ತಿಗೆ ಅವಳ ಕೈಯನ್ನು ಒಮ್ಮೆ ಒತ್ತುತ್ತಿದ್ದಳು, ಅಷ್ಟೇ.

ಮೂರನೇ ವಾರದ ಮೊದಲ ದಿನ ಚುರುಕಮ್ಮ ಎಲ್ಲರಿಗಿಂತ ಮುಂಚೆ ಬಂದು, ಸೆರಗು ಬಿಗಿದು ಸ್ಟೂಲನ್ನು ಹೊತ್ತು ಗೋದಾಮಿನ ಮೂಲೆಗೆ ಹಾಕಿ, ಮೇಲೆ ಗೋಣಿ ಮುಚ್ಚಿ ಬಂದಳು. ಮರದ ಸ್ಟೂಲು ಅಷ್ಟು ಭಾರ ಇರಬಾರದಿತ್ತು.

ಅದರಿಂದ ಕೆಟ್ಟದ್ದೇ ಆಯಿತು. ಮೊದಲಾದರೂ ಅದು ಎಲ್ಲಿ ಕೂತಿದೆ ಎಂದು ಗೊತ್ತಿರುತ್ತಿತ್ತು. ಈಗ ಕರಕರ ಒಮ್ಮೆ ಬಾಗಿಲ ಬಳಿ, ಒಮ್ಮೆ ಕಪಾಟಿನ ಬಳಿ, ಒಮ್ಮೆ ಬೆಂಚಿನ ಹಲಗೆಗೇ ತಾಗಿಕೊಂಡು ಕೇಳಿಸತೊಡಗಿತು. ಹನ್ನೊಂದು ತಲೆಯೂ ಬಗ್ಗಿದ್ದು ಮೇಲೇಳಲಿಲ್ಲ. ಶನಿವಾರ ನಾಲ್ಕಕ್ಕೆ ಗಂಟೆ ಹೊಡೆದಾಗ ಮೇಜಿನ ಕೆಳಗೆ ಅತ್ತಿಗೆಯ ಕೈ ಬಂದು ಚುರುಕಮ್ಮನ ಮಡಿಲಿನ ಅಂಚಿನಲ್ಲಿ ಅಂಗೈ ಮೇಲಾಗಿ ನಿಂತಿತು. ಸಾಕಿದ ಕೈ ಅದು. ಚುರುಕಮ್ಮ ಅದನ್ನು ನೋಡಿದಳು, ತನ್ನ ತುಂಬಿದ ಡಬ್ಬಿಯನ್ನು ನೋಡಿದಳು, ಬೆರಳು ಮರಗಟ್ಟಿ ಕೂತಿದ್ದವು. ಸ್ವಲ್ಪ ಹೊತ್ತಿಗೆ ಆ ಕೈ ಹಿಂದಕ್ಕೆ ಹೋಯಿತು. ಐದಕ್ಕೆ ಮೇಸ್ತ್ರಿ ಬಂದು, ನೆಲ ನೋಡುತ್ತ, "ಸೋಮವಾರದಿಂದ ಬರ್ಬೇಡಿ ಅಮ್ಮಾ," ಎಂದ.

ಏಳು ತಿಂಗಳ ಮೇಲೆ ಮೇಡಂ ತಿರುಗಿ ಬಂದರು. ಅದೇ ಸ್ವೆಟರು. ಎಲ್ಲರನ್ನೂ ನಿಲ್ಲಿಸಿಕೊಂಡು ನಗುನಗುತ್ತಲೇ ಮಾತಾಡಿದರು.

"ನಿಮಗೀಗ ಹೇಳಬಹುದು. ನಾನು ಬರೆದದ್ದು ಮೊದಲ ನಾಲ್ಕು ದಿನ ಅಷ್ಟೇ. ಉಳಿದ ದಿನ ಸುಮ್ನೆ ಗೀಚ್ತಿದ್ದೆ. ನಮಗೆ ಬೇಕಾಗಿದ್ದು ನಾನು ಹೋದ್ಮೇಲೆ ಏನಾಗುತ್ತೆ ಅಂತ. ನೋಡೋರು ಹೋದ ಎಷ್ಟು ದಿನಕ್ಕೆ ಜನ ಮೊದಲಿನ ಹಾಗೆ ಆಗ್ತಾರೆ ಅನ್ನೋದೇ ಸಂಶೋಧನೆ. ಡಬ್ಬಿಗಳ ತೂಕ ವಾರವಾರ ನನಗೆ ಬರ್ತಿತ್ತು. ಬೇರೆ ಕಾರ್ಖಾನೆಗಳಲ್ಲಿ ಒಂಬತ್ತು ದಿನ, ಹೆಚ್ಚಂದ್ರೆ ಹದಿನಾಲ್ಕು. ನಿಮ್ಮಲ್ಲಿ ಇನ್ನೂ ಆಗಿಲ್ಲ. ಮೊದಲು ಎಲ್ಲರ ಡಬ್ಬಿಯೂ ಸಮ ಇರ್ತಿತ್ತಲ್ಲ, ಅದು ಹೇಗೆ?"

ಹೆಂಗಸರು ಒಬ್ಬೊಬ್ಬರಾಗಿ ಬೆಂಚಿಗೆ ಹೋಗಿ ಕೂತರು. ಮೇಡಂ ಭುಜ ಕುಣಿಸಿದರು.

"ನನಗಂತೂ ಅಲ್ಲಿಂದ ಏನೂ ಕಾಣ್ತಿರ್ಲಿಲ್ಲ. ಈ ಬೆಂಚಿನ ಹಲಗೆ ಮರೆ ನೋಡಿ."

ಅವರು ಹೋದ ಮೇಲೆ ಚುರುಕಮ್ಮ ಗೋದಾಮಿನಿಂದ ಸ್ಟೂಲ್ ತಂದು ಗೋಡೆಗೆ ತಾಗಿಸಿ ಹಾಕಿ, ಹತ್ತಿ ಕೂತಳು. ಇಷ್ಟು ತಿಂಗಳಲ್ಲಿ ಅದರ ಮೇಲೆ ಕೂತು ನೋಡೋಣ ಎಂದು ಒಬ್ಬಳಿಗೂ ಹೊಳೆದಿರಲಿಲ್ಲ. ಅಲ್ಲಿಂದ ಕಂಡದ್ದು ಹಲಗೆ, ಅದರ ಮೇಲೆ ಒಂಬತ್ತು ತಲೆ, ನಡುವೆ ಎರಡು ಖಾಲಿ ಜಾಗ. ಮಡಿಲಿಲ್ಲ, ಮೇಜಿನ ಕೆಳಗಿಲ್ಲ. ಕೈತುಂಬ ಅಲ್ಲ, ಮೂಟೆಗಟ್ಟಲೆ ದಾಟಿಸಿದ್ದರೂ ಕಾಣುತ್ತಿರಲಿಲ್ಲ. ನೋಡುತ್ತಿದ್ದಂತೆ ಒಂಬತ್ತು ಕುತ್ತಿಗೆಯೂ ಒಟ್ಟಿಗೆ ಸೆಟೆದವು. ಯಾರೂ ಹಿಂತಿರುಗಲಿಲ್ಲ. ಅವಳ ಬೆರಳು ತೊಡೆಯ ಮೇಲೆ ಕರಕರ ಗೀಚುತ್ತಿತ್ತು. ತಾನೇ ಗೀಚುತ್ತಿದ್ದೇನೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಧಡಕ್ಕನೆ ಇಳಿದುಬಿಟ್ಟಳು.

ಸಂಜೆ ಮನೆಯಲ್ಲಿ ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಈಗ ತೋಳಿನಷ್ಟು ದೂರವೂ ಕಾಣುತ್ತಿರಲಿಲ್ಲ. ಚುರುಕಮ್ಮ ಅವಳ ಕಾಲ ಬಳಿ ಕೂತು ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದಳು.

"ಅತ್ತಿಗೆ, ಆ ಕೊನೇ ಶನಿವಾರ..."

"ಅದನ್ನೇ ಇನ್ನೂ ಕೊರಗ್ತಿದ್ದೀಯಾ?" ಎಂದು ಅತ್ತಿಗೆ ತಡವಿ ತಡವಿ ಅವಳ ತಲೆ ಮುಟ್ಟಿದಳು. "ಹುಚ್ಚಿ. ಆಯಮ್ಮ ಹೋದ್ರು ಹೋದ್ರು ಅಂತ ನೀವೆಲ್ಲ ನಂಗೆ ಸುಳ್ಳು ಹೇಳಿದ್ರಿ, ಹೆದರ್ತೀನಿ ಅಂತ. ನಂಗೆ ಕಣ್ಣಿಲ್ಲ, ಬುದ್ಧಿ ಇಲ್ವಾ? ನೀನು ಪಕ್ಕದಲ್ಲಿದ್ದೂ ಬೊಗಸೆ ಬರ್ಲಿಲ್ಲ ಅಂದ್ರೆ ಆಯಮ್ಮ ಹಿಂದೇನೇ ಕೂತಿದ್ದಾಳೆ ಅಂತ ಅವತ್ತೇ ತಿಳಿದೆ. ಇಲ್ದಿದ್ರೆ ನೀನು ಹಾಕ್ದೆ ಇರ್ತಿದ್ಯಾ?"

ಚುರುಕಮ್ಮ ತಲೆಯ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡಳು.

"ಎಷ್ಟು ದಿನ ಕೂತಿದ್ಲೇ ಒಟ್ಟು?"

"ಕೂತೇ ಇದ್ರು ಅತ್ತಿಗೆ," ಎಂದಳು ಚುರುಕಮ್ಮ, ಹಿಂದಕ್ಕೆ ತಿರುಗಿ ನೋಡದೆ. "ಇನ್ನೂ ಎದ್ದಿಲ್ಲ."