ದನಿಗೆ ಊರು ಕೇಳಿದ ಅತ್ತೆ

ನಾನು ದೆವ್ವವನ್ನು ನಂಬುವುದಿಲ್ಲ. ನಂಬುವವರು ಎದುರು ಕೂತರೆ ಒಂದೆರಡು ಪ್ರಶ್ನೆಗಳಲ್ಲೇ ಬಾಯಿ ಮುಚ್ಚಿಸಿದ್ದೇನೆ. ಆದರೆ ಕುರುಗೋಡಿನಲ್ಲಿ ಒಂದು ಮಧ್ಯಾಹ್ನ ನಾನೇ ದೆವ್ವವಾದೆ. ಅಲ್ಲವೆಂದು ಸಾಧಿಸುವ ವಾದ ನನ್ನಲ್ಲಿರಲಿಲ್ಲ.

ಅಪ್ಪನ ಸೋದರತ್ತೆಗೆ ಎರಡೂ ಕಣ್ಣಲ್ಲಿ ಪೊರೆ. ಇನ್ನು ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಅಂದರೆ ಸಾಕು, ಆಕೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ‘ಚರ್ಚಾ ಸ್ಪರ್ಧೆದಾಗ ಕಪ್ ಗೆದ್ದಾಕಿ ನೀನು, ನೀನ ಒಪ್ಪಸು’ ಎಂದು ಮನೆಯವರು ಬಳ್ಳಾರಿಯಲ್ಲಿ ನನ್ನನ್ನು ಕುರುಗೋಡಿನ ಬಸ್ಸು ಹತ್ತಿಸಿದರು.

ನಾನು ಆಕೆಯ ಮಡಿಲಲ್ಲೇ ಬೆಳೆದವಳು. ನಡುವೆ ಮೈಸೂರಿನ ಕಾಲೇಜು ಬಂತು. ಅಲ್ಲಿ ಮೊದಲ ಸ್ಪರ್ಧೆಯಲ್ಲೇ ತೀರ್ಪುಗಾರರೊಬ್ಬರು ನಕ್ಕಿದ್ದರು: ‘ಬಳ್ಳಾರಿನಾ? ವಾದ ಚೆನ್ನಾಗಿದೆಯಮ್ಮ, ಆದ್ರೆ ಜಗಳಕ್ಕೆ ಬಂದ ಹಾಗಿದೆ.’ ಅದೇ ವಾದವನ್ನು ಇಟ್ಟುಕೊಂಡು ನಾಲಿಗೆಯನ್ನಷ್ಟೇ ಬದಲಿಸಿದೆ. ಬಹುಮಾನಗಳು ಬರತೊಡಗಿದವು. ತರ್ಕಕ್ಕೆ ಊರಿಲ್ಲ ಅನ್ನುವವರು ಇದಕ್ಕೆ ಉತ್ತರ ಹೇಳಲಿ.

‘ಅತ್ತೆ, ಹೇಗಿದ್ದೀರಾ? ನಿಮ್ಮನ್ನ ಕರ್ಕೊಂಡು ಹೋಗೋಣ ಅಂತ ಬಂದೆ.’

ಆಕೆ ನನ್ನ ಕೈ ಸವರಿದಳು. ಮೊಣಕೈಯ ಹಳೆಯ ಗಾಯದ ಗುರುತಿನ ಮೇಲೆ ಬೆರಳು ನಿಂತಿತು. ‘ಕೈ ನಮ್ ಹುಡುಗೀದ ಐತಿ. ದನಿ ಯಾರದಿದು?’

ನಮ್ಮ ಕಡೆ ದೆವ್ವ ಹೊಕ್ಕದ್ದನ್ನು ಮಾತಿನಿಂದಲೇ ಹಿಡಿಯುತ್ತಾರೆ. ಹೊಕ್ಕದ್ದು ಪರ ಊರಿನದಾದರೆ ನಾಲಿಗೆಯೂ ಆ ಊರಿನದಾಗುತ್ತದಂತೆ. ಆಮೇಲೆ ವಿಚಾರಣೆ: ಯಾರು, ಯಾವೂರು, ಏನು ಬೇಕು.

‘ಯಾವೂರು ನಿಂದು?’

‘ಅತ್ತೆ, ನಾನೇ.’

‘ಎಲ್ಲಾ ದೆವ್ವನೂ ಹಂಗ ಅಂತಾವು. ಬೆಂಗಳೂರೇನು? ಆ ಕಡೀ ಮಂದಿ ಬಾಯಾಗ ಬೆಲ್ಲ, ಬಗಲಾಗ ಕತ್ತಿ.’

ಆಂಧ್ರದ ಗಡಿಯ ಸಿರುಗುಪ್ಪದಿಂದ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯ ಸೊಸೆ ಹೊಸ್ತಿಲಲ್ಲಿ ನಿಂತು ನಕ್ಕಳು. ‘ಓದಿದ ಹುಡುಗಿ, ಹಂಗ ಮಾತಾಡ್ತತಿ ಬಿಡಬೇ.’

‘ನೀ ಸುಮ್ನಿರಲೇ, ಅರ್ಧ ತೆಲುಗು!’

‘ಅವುನಮ್ಮಾ, ನಂದು ಅರ್ಧಾನರ ಉಳದೈತಿ. ನಿಮ್ ಹುಡುಗೀದು ಪೂರಾ ಹೋಗೈತಿ.’

ನಾನು ಹಳೆಯ ಮಾತನ್ನು ಎಳೆದು ತಂದೆ. ‘ಅತ್ತಿ, ನಾನ ಅದೀನಿ. ದವಾಖಾನಿಗೆ ಹೋಗೂಣು ನಡಿ.’

ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಅದು ಟೀವಿಯಲ್ಲಿ ನಮ್ಮ ಮಂದಿಯ ಹಾಗೆ ಮಾತಾಡಿ ನಗಿಸುವ ನಟರ ದನಿ. ನನ್ನ ಗಂಟಲಿಂದ ಬಂತು.

ಅತ್ತೆ ಕೈ ಕಿತ್ತುಕೊಂಡಳು. ‘ನೋಡಿದಿ? ನಮ್ ಹುಡುಗೀನ ಅಣಕಸಾಕತ್ತೈತಿ! ಇದರ ಕೂಡ ನಾ ಎಲ್ಲಿಗೂ ಬರಂಗಿಲ್ಲ.’

ಸೊಸೆಯ ನಗು ನಿಂತಿತು. ನನಗೆ ಬಾಯಿ ಮುಚ್ಚಲು ಸನ್ನೆ ಮಾಡಿ, ಅತ್ತೆಯ ಪಕ್ಕ ಕುಕ್ಕರಿಸಿದಳು. ‘ನಾ ಬರ್ತೀನಬೇ ಜೋಡಿ. ಅದು ಬಾಯಿ ಬಿಟ್ರ ಅಲ್ಲೇ ಇಳದು ಬರೂಣು.’

ಆ ಕರಾರಿನ ಮೇಲೆ ಅತ್ತೆ ಎದ್ದಳು.

ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತಳು. ಕಂಡಕ್ಟರ್ ಎಲ್ಲಿಗೆ ಎಂದ. ಸೊಸೆ ಬಳ್ಳಾರಿ ಎಂದಳು. ಬೋಳು ಬಂಡೆಗುಡ್ಡಗಳು ಹಿಂದೆ ಸರಿದವು. ನಾನು ಕೆಮ್ಮನ್ನೂ ನುಂಗಿಕೊಂಡು ಕೂತಿದ್ದೆ. ಇಷ್ಟು ಬಿಗಿಯಾಗಿ ನಾನು ಯಾವ ವಾದವನ್ನೂ ಮಂಡಿಸಿದ್ದಿಲ್ಲ.

ದಾರಿಯಲ್ಲಿ ಅತ್ತೆಯ ಕೈ ತಡಕಾಡಿ ನನ್ನ ಕೈ ಹುಡುಕಿತು.

‘ಹೋತು ನೋಡು ಅದು,’ ಅಂದಳು, ಮೆಲ್ಲಗೆ. ‘ಈಗ ಮಾತಾಡವ್ವ. ನಿನ್ನ ದನಿ ಕೇಳಿ ಎಷ್ಟ್ ದಿನ ಆತು.’

ಬಳ್ಳಾರಿ ಇನ್ನೂ ದೂರವಿತ್ತು. ನಾನು ಆ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ, ಬಾಯಿ ತೆರೆಯಲಿಲ್ಲ.